ಶಾಫ್ಟ್ ಮಾತಾಡುವುದು ಕೈಯೊಡನೆ: ಡ್ರೈವರ್ ಆಯ್ಕೆಯ ಹಳೇ ಜಗಳ, ಹೊಸ ಲೆಕ್ಕ

ಗಾಲ್ಫ್ ಚೀಲದಲ್ಲಿ ನಿಯಮದ ಪ್ರಕಾರ 14 ಕ್ಲಬ್‌ಗಳಿಗೆ ಮಾತ್ರ ಜಾಗ. ಅವುಗಳಲ್ಲಿ ಡ್ರೈವರ್ ಹೊರಬರುವುದು 18 ಹೋಲ್‌ಗಳ ಒಂದು ಸುತ್ತಿಗೆ ಸಾಮಾನ್ಯವಾಗಿ ಹದಿನಾಲ್ಕು ಸಲ. ಪಟ್ಟರ್ ಅದರ ಎರಡು ಪಟ್ಟು ದುಡಿಯುತ್ತದೆ, ವೆಜ್‌ಗಳು ಸ್ಕೋರ್ ಕಾಯುತ್ತವೆ. ಆದರೂ ಆಟಗಾರ ಅತಿ ಹೆಚ್ಚು ದುಡ್ಡು ಸುರಿಯುವುದು, ಮತ್ತೆ ಮತ್ತೆ ಬದಲಿಸುವುದು, ಕ್ಲಬ್‌ಹೌಸಿನಲ್ಲಿ ಕಾಫಿ ಆರುವವರೆಗೆ ವಾದಿಸುವುದು ಡ್ರೈವರ್ ಬಗ್ಗೆಯೇ. ಹೊಸ ಮಾದರಿಯೊಂದಕ್ಕೆ ನಮ್ಮಲ್ಲಿ ಐವತ್ತು ಸಾವಿರ ರೂಪಾಯಿಯ ಆಸುಪಾಸು ಕೊಡಬೇಕು. ಅದಕ್ಕೆ ಹೆಸರಾಂತ ಕಂಪನಿಯ ಶಾಫ್ಟ್ ಬೇರೆ ಹಾಕಿಸಿದರೆ ಇನ್ನೊಂದು ದೊಡ್ಡ ಮೊತ್ತ.

ಈ ವಾದದಲ್ಲಿ ಎರಡು ಬಣಗಳಿವೆ. ಅಳತೆಯನ್ನು ನಂಬುವ ಎಂಜಿನಿಯರುಗಳ ಪ್ರಕಾರ ಹೊಡೆತದ ಫಲವನ್ನು ತೀರ್ಮಾನಿಸುವುದು ಹೆಡ್, ಅದರ ವೇಗ, ಚೆಂಡು ತಗುಲಿದ ಜಾಗ. ಶಾಫ್ಟ್‌ನ ಪಾಲು ಸಣ್ಣದು. ಆಟಗಾರರ ಅನುಭವ ಬೇರೆಯೇ. ಶಾಫ್ಟ್ ಬದಲಿಸಿದ ವಾರದಿಂದಲೇ ಸ್ಲೈಸ್, ಅಂದರೆ ಚೆಂಡು ಬಲಕ್ಕೆ ಹೊರಳುವುದು, ನಿಂತಿತು ಎನ್ನುವವರು ಎಲ್ಲ ಕ್ಲಬ್ಬಿನಲ್ಲೂ ಸಿಗುತ್ತಾರೆ. ಸ್ನೇಹಿತನ ಡ್ರೈವರಿನಲ್ಲಿ ನೇರ ಹೋದ ಚೆಂಡು ತಾನು ಕೊಂಡುಕೊಂಡ ಅದೇ ಮಾದರಿಯಲ್ಲಿ ಮರಗಳೊಳಗೆ ಹೋಗುತ್ತದೆ ಎಂದು ಗೋಳಾಡುವವರೂ ಅಷ್ಟೇ ಮಂದಿ. ಎರಡು ಬಣಗಳೂ ಸುಳ್ಳು ಹೇಳುತ್ತಿಲ್ಲ. ಶಾಫ್ಟ್ ಚೆಂಡಿನ ಮೇಲೆ ನೇರವಾಗಿ ಮಾಡುವ ಪರಿಣಾಮ ಕಡಿಮೆ. ಆಟಗಾರನ ಕೈಯ ಮೂಲಕ ಮಾಡುವ ಪರಿಣಾಮ ದೊಡ್ಡದಿರಬಹುದು. ಇದನ್ನು ಒಪ್ಪಿದರೆ ಕೊಳ್ಳುವ ಕ್ರಮವೂ ಪರೀಕ್ಷಿಸುವ ಕ್ರಮವೂ ಬದಲಾಗುತ್ತವೆ.

ಹಿಕರಿಯಿಂದ ಗ್ರಾಫೈಟಿಗೆ

ನೂರು ವರ್ಷಗಳ ಹಿಂದೆ ಈ ಪ್ರಶ್ನೆ ಬೇರೆ ರೂಪದಲ್ಲಿತ್ತು. ಆಗಿನ ಶಾಫ್ಟ್‌ಗಳು ಹಿಕರಿ ಮರದವು. ಒಂದರಂತೆ ಇನ್ನೊಂದಿಲ್ಲ, ಹೊಡೆಯುವಾಗ ಬಾಗುವುದಲ್ಲದೆ ತಿರುಚಿಕೊಳ್ಳುತ್ತಲೂ ಇದ್ದವು. ಹತ್ತಾರು ಕೋಲುಗಳನ್ನು ಕೈಯಲ್ಲಿ ಆಡಿಸಿ ನೋಡಿ ತನಗೆ ಒಗ್ಗುವುದನ್ನು ಆರಿಸುವುದೇ ಆಗಿನ ಫಿಟ್ಟಿಂಗ್. 1930ರಲ್ಲಿ ಒಂದೇ ವರ್ಷದಲ್ಲಿ ನಾಲ್ಕು ಪ್ರಮುಖ ಪ್ರಶಸ್ತಿಗಳನ್ನು ಗೆದ್ದ ಬಾಬಿ ಜೋನ್ಸ್ ಆಡಿದ್ದು ಹಿಕರಿಯಲ್ಲೇ. ಅವರ ಕ್ಲಬ್‌ಗಳನ್ನು ಎಷ್ಟೋ ವರ್ಷಗಳ ಬಳಿಕ ಯಂತ್ರದಲ್ಲಿ ಅಳೆದಾಗ ಒಂದನ್ನು ಬಿಟ್ಟು ಉಳಿದವೆಲ್ಲ ಒಂದೇ ಶ್ರುತಿಯಲ್ಲಿದ್ದವು, ಆ ಒಂದು ಕ್ಲಬ್ ಮಾತ್ರ ಅವರಿಗೆ ಎಂದೂ ಒಗ್ಗಿರಲಿಲ್ಲ ಎಂಬ ಕತೆ ಕ್ಲಬ್ ತಯಾರಕರ ವಲಯದಲ್ಲಿ ಇಂದಿಗೂ ಓಡಾಡುತ್ತದೆ.

ಉಕ್ಕಿನ ಶಾಫ್ಟಿಗೆ ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ ಒಪ್ಪಿಗೆ ಕೊಟ್ಟದ್ದು 1924ರಲ್ಲಿ, ಸೇಂಟ್ ಆಂಡ್ರೂಸ್‌ನ ಆರ್ ಅಂಡ್ ಎ ಒಪ್ಪಿದ್ದು 1929ರಲ್ಲಿ. 1931ರಲ್ಲಿ ಬಿಲ್ಲಿ ಬರ್ಕ್ ಉಕ್ಕಿನ ಶಾಫ್ಟ್‌ಗಳಿಂದ ಯುಎಸ್ ಓಪನ್ ಗೆದ್ದ ಮೊದಲಿಗರಾದರು. ಉಕ್ಕು ತಿರುಚಿಕೊಳ್ಳುವುದು ಕಡಿಮೆ, ಕಾರ್ಖಾನೆಯಲ್ಲಿ ಒಂದೇ ಬಗೆಯ ಸಾವಿರಾರು ಕೋಲು ತೆಗೆಯಬಹುದು. ಮೆದು, ಗಟ್ಟಿ ಎಂದು ದರ್ಜೆ ಮಾಡಿ ಮಾರುವ ಪದ್ಧತಿ ಇದರೊಂದಿಗೆ ಬೆಳೆಯಿತು.

1969ರ ಸುಮಾರಿಗೆ ಶೇಕ್ಸ್‌ಪಿಯರ್ ಕಂಪನಿಯಲ್ಲಿದ್ದ ಎಂಜಿನಿಯರ್ ಫ್ರಾಂಕ್ ಥಾಮಸ್ ಗ್ರಾಫೈಟ್ ಶಾಫ್ಟ್ ರೂಪಿಸಿದರು. ಡ್ರೈವರಿನ ಉಕ್ಕಿನ ಶಾಫ್ಟ್ 120 ಗ್ರಾಂ ಆಸುಪಾಸು ತೂಗಿದರೆ ಇಂದಿನ ಗ್ರಾಫೈಟ್ ಶಾಫ್ಟ್ ಅದರ ಅರ್ಧ. ಮೊದಲ ಗ್ರಾಫೈಟ್‌ಗಳು ವಿಪರೀತ ತಿರುಚಿಕೊಳ್ಳುತ್ತಿದ್ದವು. ಚೆಂಡು ದೂರ ಹೋದರೂ ಎಲ್ಲಿ ಹೋಯಿತೆಂದು ಹುಡುಕಬೇಕಿತ್ತು. ವೃತ್ತಿಪರರ ಅಪನಂಬಿಕೆ ಹೋಗಲು ಬಹಳ ಕಾಲ ಹಿಡಿಯಿತು. 1997ರ ಮಾಸ್ಟರ್ಸ್‌ ಅನ್ನು ಟೈಗರ್ ವುಡ್ಸ್ 12 ಹೊಡೆತಗಳ ಅಂತರದಿಂದ ಗೆದ್ದಾಗ ಅವರ ಡ್ರೈವರಿನಲ್ಲಿ ಇದ್ದದ್ದು 43.5 ಇಂಚಿನ ಉಕ್ಕಿನ ಶಾಫ್ಟ್. ಅವರು ಡ್ರೈವರಿಗೆ ಗ್ರಾಫೈಟ್ ಹಾಕಿದ್ದು 2004ರ ಹೊತ್ತಿಗೆ.

ಹೆಡ್ಡಿನ ಕತೆ ಇನ್ನೂ ವೇಗದ್ದು. ಪರ್ಸಿಮನ್ ಮರದ ಹೆಡ್‌ಗಳ ಕಾಲದಲ್ಲಿ, 1979ರಲ್ಲಿ, ಗ್ಯಾರಿ ಆಡಮ್ಸ್ ಟೇಲರ್‌ಮೇಡ್ ಕಂಪನಿ ಕಟ್ಟಿ ಉಕ್ಕಿನ ಹೆಡ್ ತಂದರು. 1991ರಲ್ಲಿ ಕ್ಯಾಲವೇ ಕಂಪನಿಯ ಬಿಗ್ ಬರ್ಥಾ 190 ಘನ ಸೆಂಟಿಮೀಟರ್ ಗಾತ್ರದಲ್ಲಿ ಬಂದಾಗ ಜನ ಬೆರಗಾದರು. 1995ರಲ್ಲಿ ಟೈಟೇನಿಯಂ ಬಂದು ಗಾತ್ರ 250 ತಲುಪಿತು. ಮುಂದಿನ ಹತ್ತು ವರ್ಷಗಳಲ್ಲಿ ಅದು ಬಹುತೇಕ ಇಮ್ಮಡಿಸಿತು. ಹೆಡ್ ದೊಡ್ಡದಾದಂತೆ ಅದರ ಗುರುತ್ವಕೇಂದ್ರ ಶಾಫ್ಟಿನಿಂದ ದೂರ ಸರಿಯಿತು; ಶಾಫ್ಟ್ ಹಗುರಾದಂತೆ ಕ್ಲಬ್ಬಿನ ಉದ್ದ 43 ಇಂಚಿನಿಂದ 45 ದಾಟಿತು. ಉದ್ದನೆಯ ಹಗುರ ಕೋಲು, ತುದಿಯಲ್ಲಿ 200 ಗ್ರಾಂನಷ್ಟು ತೂಗುವ ದೊಡ್ಡ ಟೊಳ್ಳು ಹೆಡ್. ಇವೆರಡನ್ನೂ ಹೊಂದಿಸುವ ತಲೆನೋವು ಶುರುವಾದದ್ದು ಇಲ್ಲಿಂದ.

ಹೆಡ್ಡಿಗೆ ನಿಯಮದ ಬೇಲಿ

ಪ್ರತಿ ವರ್ಷ ಜನವರಿ ಬಂತೆಂದರೆ ಹೊಸ ಡ್ರೈವರ್ ಹಳೆಯದಕ್ಕಿಂತ ದೂರ ಹೊಡೆಯುತ್ತದೆ ಎಂಬ ಜಾಹೀರಾತು ಬರುತ್ತದೆ. ಆದರೆ 2004ರಿಂದ ಹೆಡ್ಡಿನ ಗಾತ್ರಕ್ಕೆ 460 ಘನ ಸೆಂಟಿಮೀಟರ್ ಮಿತಿಯಿದೆ. ಹೆಡ್ಡಿನ ಮುಖ ಚೆಂಡನ್ನು ಚಿಮ್ಮಿಸುವ ಗುಣಕ್ಕೂ ಮಿತಿಯಿದೆ: ಲೋಲಕದ ಪರೀಕ್ಷೆಯಲ್ಲಿ ಮುಖದ ಸಂಪರ್ಕಕಾಲ 239 ಮೈಕ್ರೊಸೆಕೆಂಡ್, ಅದರ ಮೇಲೆ 18ರ ವಿನಾಯಿತಿ. ಹೆಡ್ ತಿರುಗದಂತೆ ತಡೆಯುವ ಜಡತ್ವಕ್ಕೆ, ಅಂದರೆ ಎಂಒಐಗೆ, ಹಿಮ್ಮಡಿಯಿಂದ ತುದಿಯವರೆಗಿನ ಲೆಕ್ಕದಲ್ಲಿ 5,900ರ ಮಿತಿ. ಸರಿಯಾಗಿ ನಡುವೆ ಬಡಿದ ಚೆಂಡಿನ ವೇಗ ಹೆಡ್ಡಿನ ವೇಗದ ಸುಮಾರು ಒಂದೂವರೆ ಪಟ್ಟು; ಯಾವ ಕಂಪನಿಯೂ ಇದನ್ನು ಹೆಚ್ಚು ಮೀರಲಾಗದು. ಹತ್ತು ವರ್ಷ ಹಳೆಯ ಒಳ್ಳೆಯ ಹೆಡ್ಡಿಗೂ ಈ ವರ್ಷದ್ದಕ್ಕೂ ಮುಖದ ನಡುವಿನ ಹೊಡೆತದಲ್ಲಿ ಕಾಣುವ ಅಂತರ ಆದ್ದರಿಂದಲೇ ಸಣ್ಣದು.

ನಿಜವಾದ ಬದಲಾವಣೆ ಆಗಿರುವುದು ನಡು ತಪ್ಪಿದ ಹೊಡೆತಗಳಲ್ಲಿ. 2024ರಲ್ಲಿ ಪಿಂಗ್ ಮತ್ತು ಟೇಲರ್‌ಮೇಡ್ ಕಂಪನಿಗಳು ಅಡ್ಡ ಮತ್ತು ಲಂಬ ಎಂಒಐ ಎರಡನ್ನೂ ಕೂಡಿಸಿ 10,000 ದಾಟಿದ ಹೆಡ್‌ಗಳನ್ನು ತಂದವು. ತೂಕವನ್ನು ಹಿಂದಕ್ಕೆ ತಳ್ಳಿದ ಇಂಥ ಹೆಡ್‌ಗಳು ತುದಿಗೆ ಬಡಿದರೂ ಹಿಮ್ಮಡಿಗೆ ಬಡಿದರೂ ಕಡಿಮೆ ತಿರುಗುತ್ತವೆ. ತೂಕವನ್ನು ಮುಂದೆ ಇಟ್ಟ ಹೆಡ್‌ಗಳು ಸ್ಪಿನ್ ತಗ್ಗಿಸುತ್ತವೆ, ಆದರೆ ತಪ್ಪನ್ನು ಅಷ್ಟಾಗಿ ಕ್ಷಮಿಸುವುದಿಲ್ಲ. ಟಿವಿಯಲ್ಲಿ ಕಂಡ ಚಾಂಪಿಯನ್ನಿನ ಕಡಿಮೆ ಸ್ಪಿನ್ ಹೆಡ್ಡನ್ನು ಕೊಂಡ ಹವ್ಯಾಸಿ ಆಟಗಾರ ಪರಿತಪಿಸುವುದು ಬಹುಪಾಲು ಇಲ್ಲಿಯೇ: ಅವನ ಚೆಂಡು ಗಾಳಿಯಲ್ಲಿ ನಿಲ್ಲಬೇಕಾದಷ್ಟು ನಿಲ್ಲದೆ ಬೀಳುತ್ತದೆ.

ಡ್ರೈವರ್ ಹಳೆಯದಾದಂತೆ ಜೀವ ಕಳೆದುಕೊಳ್ಳುತ್ತದೆ ಎಂಬ ನಂಬಿಕೆಯೂ ಬಲವಾಗಿದೆ. ವಾಸ್ತವ ತಿರುವುಮುರುವು. ಸಾವಿರಾರು ಹೊಡೆತ ತಿಂದ ಮುಖ ಸಡಿಲಗೊಂಡು ಇನ್ನಷ್ಟು ಚಿಮ್ಮುತ್ತದೆ, ಕೊನೆಗೆ ಸೀಳುತ್ತದೆ. 2019ರ ಓಪನ್‌ನಲ್ಲಿ ಜಾಂಡರ್ ಶಾಫಲಿ, 2025ರ ಪಿಜಿಎ ಚಾಂಪಿಯನ್‌ಶಿಪ್‌ನಲ್ಲಿ ಸ್ಕಾಟಿ ಶೆಫ್ಲರ್ ಅವರ ಡ್ರೈವರ್‌ಗಳು ಮಿತಿ ಮೀರಿ ಪರೀಕ್ಷೆಯಲ್ಲಿ ಅನುತ್ತೀರ್ಣವಾದವು. ಶೆಫ್ಲರ್ ಬೇರೆ ಡ್ರೈವರ್ ಹಿಡಿದು ಆ ಪಂದ್ಯಾವಳಿ ಗೆದ್ದರು.

ಅರ್ಧ ಮಿಲಿಸೆಕೆಂಡಿನ ಸಾಕ್ಷ್ಯ

ಎಂಜಿನಿಯರುಗಳ ವಾದಕ್ಕೆ ಗಟ್ಟಿ ನೆಲೆಯಿದೆ. ಬ್ರಿಟನ್ನಿನ ಕಾಕ್ರನ್ ಮತ್ತು ಸ್ಟಾಬ್ಸ್ 1968ರಲ್ಲಿ ಪ್ರಕಟಿಸಿದ ಅಧ್ಯಯನದ ಕಾಲದಿಂದಲೂ ಒಂದು ಸಂಗತಿ ಸ್ಪಷ್ಟ: ಚೆಂಡು ಮುಖಕ್ಕೆ ಅಂಟಿಕೊಂಡಿರುವುದು ಸುಮಾರು ಅರ್ಧ ಮಿಲಿಸೆಕೆಂಡ್. ಬಡಿತದ ಸುದ್ದಿ ಶಾಫ್ಟ್ ಏರಿ ಕೈ ಮುಟ್ಟಿ ಮಿದುಳಿಗೆ ತಿಳಿಯುವಷ್ಟರಲ್ಲಿ ಚೆಂಡು ಹೋಗಿಯಾಗಿರುತ್ತದೆ. ಆ ಕ್ಷಣದಲ್ಲಿ ಹೆಡ್ ಹೆಚ್ಚುಕಡಿಮೆ ಸ್ವತಂತ್ರವಾಗಿ ಹಾರುತ್ತಿರುವ ಲೋಹದ ತುಂಡು.

ಹಾಗಿದ್ದರೆ ಶಾಫ್ಟ್ ಮಾಡುವ ಕೆಲಸವೆಲ್ಲ ಬಡಿತಕ್ಕೆ ಮುಂಚಿನ ಕಾಲು ಸೆಕೆಂಡಿನದು. ಕೆಳಗಿಳಿಯುವ ಸ್ವಿಂಗಿನ ಆರಂಭದಲ್ಲಿ ಶಾಫ್ಟ್ ಹಿಂದಕ್ಕೆ ಬಾಗುತ್ತದೆ. ಚೆಂಡಿನ ಬಳಿ ಬರುವ ಹೊತ್ತಿಗೆ ಅದು ಮುಂದಕ್ಕೆ ಬಾಗಿರುತ್ತದೆ. ಕಾರಣ ಸರಳ: ಹೆಡ್ಡಿನ ಗುರುತ್ವಕೇಂದ್ರ ಶಾಫ್ಟಿನ ಗೆರೆಯ ಹಿಂದಿದೆ, ವೃತ್ತಾಕಾರದ ಚಲನೆಯ ಸೆಳೆತ ಅದನ್ನು ಗೆರೆಗೆ ಎಳೆದು ತರುತ್ತದೆ. ಹೀಗೆ ಮುಂದೆ ಬಾಗಿದಾಗ ಮುಖ ತುಸು ಮೇಲೆ ನೋಡುತ್ತದೆ, ತುಸು ಮುಚ್ಚಿಕೊಳ್ಳುತ್ತದೆ, ತುದಿ ನೆಲದತ್ತ ಇಳಿಯುತ್ತದೆ. ಮೆದು ಶಾಫ್ಟಿನಲ್ಲಿ ಇದೆಲ್ಲ ಕೊಂಚ ಹೆಚ್ಚು. ಬಲಗೈ ಆಟಗಾರ ಮೆದು ಶಾಫ್ಟ್ ಹಿಡಿದರೆ ಚೆಂಡು ಎತ್ತರಕ್ಕೂ ಎಡಕ್ಕೂ ಹೋಗುತ್ತದೆ ಎಂಬ ಅನುಭವದ ಹಿಂದಿನ ಭೌತವಿಜ್ಞಾನ ಇಷ್ಟೇ.

ವೇಗದ ಮಾತೇನು? ಚಾವಟಿಯಂತೆ ಬೀಸುವ ಮೆದು ಶಾಫ್ಟ್ ಚೆಂಡನ್ನು ಹೆಚ್ಚು ದೂರ ಚಿಮ್ಮಿಸುತ್ತದೆ ಎಂಬುದು ಹಳೆಯ ನಂಬಿಕೆ. ಕೆನಡಾದ ಸೇಂಟ್ ಫ್ರಾನ್ಸಿಸ್ ಝೇವಿಯರ್ ವಿಶ್ವವಿದ್ಯಾಲಯದ ಸಾಶೋ ಮೆಕೆಂಜಿ ಆಟಗಾರರ ಕೈಗೆ ಮೆದು ಮತ್ತು ಗಟ್ಟಿ ಶಾಫ್ಟ್‌ಗಳನ್ನು ಕೊಟ್ಟು ಅಳೆದರು. ಮೆದು ಶಾಫ್ಟ್ ನೇರವಾಗುವ ಚಿಮ್ಮುವಿಕೆಯಿಂದ ಹೆಡ್ಡಿಗೆ ಹೆಚ್ಚು ವೇಗ ಕೊಟ್ಟಿದ್ದು ನಿಜ. ಗಟ್ಟಿ ಶಾಫ್ಟ್ ಹಿಡಿದಾಗ ಮಾತ್ರ ಗ್ರಿಪ್ಪಿನ ತಿರುಗುವಿಕೆಯೇ ವೇಗವಾಗಿತ್ತು. ಕೂಡಿ ಕಳೆದರೆ ಹೆಡ್ಡಿನ ಸರಾಸರಿ ವೇಗ ಬಹುತೇಕ ಸಮ.

ಎಂಜಿನಿಯರುಗಳು ಈ ಫಲಿತಾಂಶವನ್ನು ತಮ್ಮ ಗೆಲುವೆಂದು ಓದಬಹುದು. ನನಗೆ ಕಾಣುವ ಅರ್ಥ ಇನ್ನೊಂದು. ಆಟಗಾರನ ದೇಹ ತನಗೆ ಅರಿವಿಲ್ಲದೆಯೇ ಶಾಫ್ಟಿಗೆ ತಕ್ಕಂತೆ ಸ್ವಿಂಗ್ ತಿದ್ದಿಕೊಂಡಿದೆ. ಸರಾಸರಿಯಲ್ಲಿ ಈ ತಿದ್ದುಪಡಿ ಮರೆಯಾಗುತ್ತದೆ. ಒಬ್ಬೊಬ್ಬ ಆಟಗಾರನಲ್ಲಿ ಅದು ಒಂದೊಂದು ದಿಕ್ಕಿಗೆ ಎಳೆಯುತ್ತದೆ. ಒಬ್ಬನಿಗೆ ವರವಾದ ಶಾಫ್ಟ್ ಇನ್ನೊಬ್ಬನಿಗೆ ಕಾಟವಾಗುವುದು ಅಲ್ಲಿ.

ಕೈಯ ಸಾಕ್ಷ್ಯ

ವೃತ್ತಿಪರರ ನಡವಳಿಕೆ ಇದನ್ನೇ ಹೇಳುತ್ತದೆ. 2012 ಮತ್ತು 2014ರ ಮಾಸ್ಟರ್ಸ್ ಗೆದ್ದ ಬಬ್ಬಾ ವಾಟ್ಸನ್ ತಮ್ಮ ಪಿಂಗ್ ಹೆಡ್‌ಗಳನ್ನು ಕಾಲಕ್ಕೆ ತಕ್ಕಂತೆ ಬದಲಿಸಿದರು. ತುದಿಯಲ್ಲಿ ಉಕ್ಕಿರುವ ಭಾರದ ಬೈಮ್ಯಾಟ್ರಿಕ್ಸ್ ಶಾಫ್ಟನ್ನು ಮಾತ್ರ ವರ್ಷಗಟ್ಟಲೆ ಬಿಡಲಿಲ್ಲ. ಟೈಗರ್ ಸಹ ಸುತ್ತಲಿನವರೆಲ್ಲ ಗ್ರಾಫೈಟಿಗೆ ಹೊರಳಿದ ಮೇಲೂ ಉಕ್ಕಿಗೆ ಅಂಟಿಕೊಂಡಿದ್ದರು. ಅವರು ಕಾಯುತ್ತಿದ್ದದ್ದು ಬಡಿತದ ಕಾಲದ ಪರಿಚಯವನ್ನು, ಮೇಲಿನಿಂದ ಕೆಳಗಿಳಿಯುವಾಗ ಹೆಡ್ ಎಲ್ಲಿದೆಯೆಂದು ಕೈಗೆ ತಿಳಿಯುವ ಸುಳಿವನ್ನು.

ಕ್ರಿಕೆಟ್ ಆಡಿದವರಿಗೆ ಇದು ಹೊಸದಲ್ಲ. ತಕ್ಕಡಿಯಲ್ಲಿ ಒಂದೇ ತೂಕ ತೋರಿಸುವ ಎರಡು ಬ್ಯಾಟ್‌ಗಳಲ್ಲಿ ಒಂದು ಎತ್ತಲು ಹಗುರ, ಇನ್ನೊಂದು ಭಾರ; ಬ್ಯಾಟ್ಸ್‌ಮನ್ ಎರಡನೆಯದರಲ್ಲಿ ಡ್ರೈವ್‌ಗೆ ಯಾವಾಗಲೂ ತಡವಾಗುತ್ತಾನೆ. ಡ್ರೈವರಿನಲ್ಲಿ ಈ ಅನುಭವವನ್ನು ಅಳೆಯಲು ಸ್ವಿಂಗ್‌ವೇಟ್ ಎಂಬ ಮಾನವಿದೆ. ಗಂಡಸರ ಡ್ರೈವರ್ ಸಾಮಾನ್ಯವಾಗಿ ಡಿ0ಯಿಂದ ಡಿ4ರ ನಡುವೆ ಇರುತ್ತದೆ. ಹೆಡ್ಡಿಗೆ ಎರಡು ಗ್ರಾಂ ಸೇರಿಸಿದರೆ ಒಂದು ಅಂಕ ಏರುತ್ತದೆ, ಶಾಫ್ಟನ್ನು ಅರ್ಧ ಇಂಚು ಕತ್ತರಿಸಿದರೆ ಮೂರು ಅಂಕ ಇಳಿಯುತ್ತದೆ.

ಹವ್ಯಾಸಿಗಳ ಅನುಭವಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮೂರು ಬಗೆ ಎದ್ದು ಕಾಣುತ್ತವೆ. ತೀರ ಹಗುರ ಶಾಫ್ಟ್ ಹಿಡಿದವನಿಗೆ ಹೆಡ್ ಎಲ್ಲಿದೆಯೆಂದೇ ತಿಳಿಯದೆ ತೋಳು ಅವಸರಪಡುತ್ತದೆ. ಒಂದು ಹೊಡೆತ ಎಡಕ್ಕೆ, ಮುಂದಿನದು ಬಲಕ್ಕೆ. ತೀರ ಗಟ್ಟಿ ಶಾಫ್ಟ್ ಹಿಡಿದವನು ಅದನ್ನು ಬಾಗಿಸಲು ಮೈಯೆಲ್ಲ ಬಳಸಿ ಹೊಡೆಯುತ್ತಾನೆ. ಚೆಂಡು ತಗ್ಗಿನಲ್ಲಿ ಬಲಕ್ಕೆ ಜಾರುತ್ತದೆ, ಹದಿನೈದನೇ ಹೋಲಿನ ಹೊತ್ತಿಗೆ ಬೆನ್ನು ಹಿಡಿದುಕೊಳ್ಳುತ್ತದೆ. ನಿಧಾನ ಲಯದವನಿಗೆ ಗಟ್ಟಿ ಶಾಫ್ಟ್ ಸತ್ತ ಕೋಲು. ಮೇಲಿನಿಂದಲೇ ಜಗ್ಗುವವನಿಗೆ ಮೆದು ಶಾಫ್ಟ್ ನಂಬಲಾಗದ ಗೆಳೆಯ. ವೇಗ ಒಂದೇ ಇರುವ ಇಬ್ಬರಿಗೆ ಬೇರೆ ಬೇರೆ ಶಾಫ್ಟ್ ಒಗ್ಗುವುದು ಇದಕ್ಕೇ. ವೇಗದ ಜೊತೆಗೆ ಲಯವೂ ಲೆಕ್ಕಕ್ಕೆ ಬರಬೇಕು.

ಅಕ್ಷರಗಳನ್ನು ಎಷ್ಟು ನಂಬಬೇಕು?

ಶಾಫ್ಟಿನ ಮೇಲೆ ಎಲ್, ಎ, ಆರ್, ಎಸ್, ಎಕ್ಸ್ ಎಂಬ ಅಕ್ಷರಗಳಿರುತ್ತವೆ: ಮಹಿಳೆಯರದು, ಹಿರಿಯರದು, ಸಾಧಾರಣ, ಗಟ್ಟಿ, ಅತಿ ಗಟ್ಟಿ. ಅಂಗಡಿಗಳಲ್ಲಿ ಹೇಳುವ ಅಂದಾಜು ಹೀಗೆ: ಹೆಡ್ಡಿನ ವೇಗ ಗಂಟೆಗೆ 85ರಿಂದ 95 ಮೈಲಿ ಇದ್ದರೆ ಆರ್, 95ರಿಂದ 105 ಇದ್ದರೆ ಎಸ್, ಮೇಲಾದರೆ ಎಕ್ಸ್. ಶುರುವಿಗೆ ಇದು ಸಾಕು. ಆದರೆ ಈ ಅಕ್ಷರಗಳಿಗೆ ಉದ್ಯಮದಲ್ಲಿ ಒಮ್ಮತದ ಮಾನದಂಡವೇ ಇಲ್ಲ. ಒಂದು ಕಂಪನಿಯ ಆರ್ ಇನ್ನೊಂದರ ಎಸ್‌ಗೆ ಸಮವಾಗಬಹುದು. ಕ್ಲಬ್ ಕಟ್ಟುವವರು ಹಿಡಿಯ ಕಡೆಯನ್ನು ಬಿಗಿದು ತುದಿಯನ್ನು ಅಲುಗಿಸಿ ನಿಮಿಷಕ್ಕೆ ಎಷ್ಟು ಕಂಪನ ಎಂದು ಅಳೆಯುವುದು ಈ ಗೊಂದಲ ನೀಗಲು. ಆ ಅಳತೆಯೂ ಹಿಡಿಯ ಕಡೆಯ ಗಟ್ಟಿತನವನ್ನೇ ಹೆಚ್ಚು ಹೇಳುತ್ತದೆ. ತುದಿ ಎಷ್ಟು ಬಾಗುತ್ತದೆಂಬುದು ಬೇರೆ ವಿಷಯ.

ಇನ್ನೊಂದು ತೊಡಕು ಹೆಸರಿನದು. ಫುಜಿಕುರಾ, ಮಿತ್ಸುಬಿಷಿ, ಗ್ರಾಫೈಟ್ ಡಿಸೈನ್, ಪ್ರಾಜೆಕ್ಟ್ ಎಕ್ಸ್ ಮುಂತಾದ ಹೆಸರುಗಳನ್ನು ಹೊತ್ತ ಶಾಫ್ಟ್‌ಗಳು ಡ್ರೈವರಿನೊಂದಿಗೆ ಸೇರಿಯೇ ಬರುತ್ತವೆ. ಗ್ರಾಫೈಟ್ ಶಾಫ್ಟ್ ಎಂದರೆ ರಾಳದಲ್ಲಿ ನೆನೆದ ಕಾರ್ಬನ್ ಹಾಳೆಗಳನ್ನು ಉಕ್ಕಿನ ಸಲಾಕೆಯ ಮೇಲೆ ಸುತ್ತಿ ಬೇಯಿಸಿದ ಕೊಳವೆ. ಯಾವ ಹಾಳೆ, ಯಾವ ಕೋನ, ಎಷ್ಟು ಸುತ್ತು ಎಂಬುದರಲ್ಲಿ ಅದರ ಗುಣವೂ ಬೆಲೆಯೂ ಇದೆ. ಡ್ರೈವರಿನೊಂದಿಗೆ ಬರುವುದು ಕೆಲವೊಮ್ಮೆ ಬಿಡಿಯಾಗಿ ಮಾರುವ ಶಾಫ್ಟೇ, ಕೆಲವೊಮ್ಮೆ ಅದೇ ಬಣ್ಣ ಬಳಿದ ಸರಳ ಆವೃತ್ತಿ. ಸರಳ ಆವೃತ್ತಿ ಕೆಟ್ಟದ್ದೇನಲ್ಲ. ಅನೇಕರಿಗೆ ಅದೇ ಹೆಚ್ಚು ಒಗ್ಗುತ್ತದೆ. ಟೂರಿನಲ್ಲಿ ಆಡುವವರ ಶಾಫ್ಟೇ ತನ್ನದೂ ಎಂದು ನಂಬಿ ಕೊಳ್ಳುವುದು ಮಾತ್ರ ಮೋಸಹೋಗುವ ದಾರಿ.

ಉದ್ದ, ತೂಕ, ಲಾಫ್ಟ್

ಅಕ್ಷರದ ಬಗ್ಗೆ ನಡೆಯುವ ಚರ್ಚೆಯ ಕಾಲು ಭಾಗವೂ ಉದ್ದದ ಬಗ್ಗೆ ನಡೆಯುವುದಿಲ್ಲ. ಹವ್ಯಾಸಿಗೆ ಅತಿ ಹೆಚ್ಚು ಲಾಭ ಇರುವುದು ಅಲ್ಲಿ. ಅಂಗಡಿಯ ಡ್ರೈವರ್ 45.5 ಇಂಚು ಅಥವಾ ತುಸು ಹೆಚ್ಚೇ ಇರುತ್ತದೆ. ಜಗತ್ತಿನಲ್ಲೇ ಅತ್ಯಂತ ನಿಖರವಾಗಿ ಹೊಡೆಯುವ ಅನೇಕ ವೃತ್ತಿಪರರು ಆಡುವುದು 45 ಅಥವಾ ಅದಕ್ಕೂ ಕಡಿಮೆ. ಉದ್ದ ಹೆಚ್ಚಿದರೆ ವೇಗ ಇಂಚಿಗೆ ಒಂದು ಮೈಲಿಯಷ್ಟು ಹೆಚ್ಚಬಹುದು, ಅದರಿಂದ ಎರಡು ಮೂರು ಗಜ. ಅದೇ ಇಂಚು ಬಡಿತವನ್ನು ಮುಖದ ನಡುವಿನಿಂದ ಅತ್ತಿತ್ತ ಸರಿಸಿದರೆ ಕಳೆದುಕೊಳ್ಳುವುದು ಅದರ ಹಲವು ಪಟ್ಟು. ಕ್ಲಬ್ ವಿನ್ಯಾಸಕ ಟಾಮ್ ವಿಶನ್ ಸರಾಸರಿ ಆಟಗಾರರಿಗೆ 44 ಇಂಚು ಅಥವಾ ಅದಕ್ಕಿಂತ ಕಡಿಮೆ ಸಾಕೆಂದು ದಶಕಗಳಿಂದ ಹೇಳುತ್ತ ಬಂದಿದ್ದಾರೆ.

ಉದ್ದದ ಪರವಾದ ಸಾಕ್ಷ್ಯವೂ ಇದೆ. 2021ರ ಪಿಜಿಎ ಚಾಂಪಿಯನ್‌ಶಿಪ್‌ ಅನ್ನು 50ರ ವಯಸ್ಸಿನ ಫಿಲ್ ಮಿಕಲ್ಸನ್ ಗೆದ್ದದ್ದು 47.9 ಇಂಚಿನ ಡ್ರೈವರಿನಿಂದ. 2022ರಿಂದ ಗಣ್ಯ ಸ್ಪರ್ಧೆಗಳು 46 ಇಂಚಿನ ಮಿತಿ ಹಾಕಿಕೊಳ್ಳಲು ಅವಕಾಶ ಬಂತು. ಉಳಿದವರಿಗೆ 48ರ ಹಳೆಯ ಮಿತಿ ಹಾಗೆಯೇ ಇದೆ. ಬ್ರೈಸನ್ ಡಿಶಾಂಬೊ 48 ಇಂಚು ಪ್ರಯೋಗಿಸಿಯೂ 2020ರ ಮಾಸ್ಟರ್ಸ್‌ಗೆ ಅದನ್ನು ತರಲಿಲ್ಲ. ಇವರೆಲ್ಲ ದಿನಕ್ಕೆ ನೂರಾರು ಚೆಂಡು ಹೊಡೆಯುವವರು. ಭಾನುವಾರ ಬೆಳಗ್ಗೆ ಮಾತ್ರ ಆಡುವವನ ಲೆಕ್ಕ ಬೇರೆ.

ಒಂದು ಇಂಚು ಕತ್ತರಿಸಿದರೆ ಸ್ವಿಂಗ್‌ವೇಟ್ ಆರು ಅಂಕ ಇಳಿಯುತ್ತದೆ ಎಂಬುದನ್ನು ಮರೆಯಬಾರದು. ಹೆಡ್ಡಿಗೆ ಹತ್ತು ಹನ್ನೆರಡು ಗ್ರಾಂ ಸೇರಿಸದಿದ್ದರೆ ಕ್ಲಬ್ ಕೈಗೆ ಟೊಳ್ಳೆನಿಸುತ್ತದೆ. 2004ರಲ್ಲಿ ಟೇಲರ್‌ಮೇಡ್ ಆರ್7 ತಂದ ಬದಲಿಸುವ ತೂಕದ ಸ್ಕ್ರೂಗಳು ಈಗ ಬಹಳ ಹೆಡ್‌ಗಳಲ್ಲಿ ಇರುವುದರಿಂದ ಇದು ಸುಲಭ. ಇಲ್ಲವಾದರೆ ಸೀಸದ ಟೇಪ್.

ಲಾಫ್ಟಿನ, ಅಂದರೆ ಮುಖದ ಓರೆಯ, ವಿಷಯದಲ್ಲಿ ಅಹಂಕಾರ ಅಡ್ಡ ಬರುತ್ತದೆ. 9 ಡಿಗ್ರಿ ಎಂದರೆ ಗಂಡಸುತನ, 12 ಎಂದರೆ ವಯಸ್ಸಾಯಿತು ಎಂಬ ಭಾವನೆ. ವಿಜ್ಞಾನ ಹೇಳುವುದು ವೇಗ ಕಡಿಮೆಯಾದಷ್ಟೂ ಲಾಫ್ಟ್ ಹೆಚ್ಚಬೇಕೆಂದು. ಶಾಫ್ಟಿನ ಬಾಗುಬಿಂದು ಬದಲಿಸಿ ಪಡೆಯುವ ಎತ್ತರ ಸಣ್ಣದು. ಎರಡು ಡಿಗ್ರಿ ಲಾಫ್ಟ್ ಬದಲಿಸಿದರೆ ಆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. 2009ರ ಹೊತ್ತಿಗೆ ಬಂದ, ಹೆಡ್ಡಿಗೆ ಶಾಫ್ಟ್ ಸೇರಿಸುವ ತಿರುಗಿಸಬಲ್ಲ ಸ್ಲೀವ್‌ನಿಂದ ಅದನ್ನು ಒಂದು ನಿಮಿಷದಲ್ಲಿ ಪ್ರಯೋಗಿಸಬಹುದು. ಲಾಫ್ಟ್ ಏರಿಸಿದಾಗ ಮುಖ ತುಸು ಮುಚ್ಚಿಕೊಳ್ಳುತ್ತದೆ, ಇಳಿಸಿದಾಗ ತೆರೆದುಕೊಳ್ಳುತ್ತದೆ. ಸ್ಲೈಸ್ ಇರುವವನು ಸ್ಪಿನ್ ತಗ್ಗಿಸಲೆಂದು ಲಾಫ್ಟ್ ಇಳಿಸಿದರೆ ಅವನ ರೋಗ ಉಲ್ಬಣಿಸುತ್ತದೆ.

ಅದೇ ವೇಗ, ಬೇರೆ ಫಲ

ಶಾಫ್ಟ್ ಹುಡುಕುತ್ತ ಕೂತವರು ಒಮ್ಮೆ ನೋಡಬೇಕಾದ ಅಂಕಿಗಳಿವೆ. ಡೆನ್ಮಾರ್ಕಿನ ರಾಡಾರ್ ಕಂಪನಿ ಟ್ರ್ಯಾಕ್‌ಮ್ಯಾನ್ ಕೆಲವು ವರ್ಷಗಳ ಹಿಂದೆ ಪ್ರಕಟಿಸಿದ ಸರಾಸರಿಗಳಲ್ಲಿ ಅಮೆರಿಕದ ಮಹಿಳಾ ವೃತ್ತಿಪರರ ಟೂರ್ ಆಟಗಾರ್ತಿಯರ ಹೆಡ್ ವೇಗ ಗಂಟೆಗೆ ಸುಮಾರು 94 ಮೈಲಿ. ಹದಿನಾಲ್ಕು ಹದಿನೈದು ಹ್ಯಾಂಡಿಕ್ಯಾಪಿನ ಗಂಡಸು ಹವ್ಯಾಸಿಯ ವೇಗವೂ ಹೆಚ್ಚುಕಡಿಮೆ ಅಷ್ಟೇ. ಆಟಗಾರ್ತಿಯರ ಚೆಂಡು ಗಾಳಿಯಲ್ಲೇ ಸುಮಾರು 218 ಗಜ ಹೋಗುತ್ತದೆ. ಹವ್ಯಾಸಿಯದು ಉರುಳಾಟವನ್ನೂ ಸೇರಿಸಿ 214ರ ಸುಮಾರು. ಆಟಗಾರ್ತಿಯರು ಸುಮಾರು 3 ಡಿಗ್ರಿ ಮೇಲ್ಮುಖವಾಗಿ, ಮುಖದ ನಡುವಿನಲ್ಲಿ ಬಡಿಯುತ್ತಾರೆ. ಅವರ ಸ್ಪಿನ್ ನಿಮಿಷಕ್ಕೆ 2,600 ಸುತ್ತಿನ ಆಸುಪಾಸು. ಹವ್ಯಾಸಿಯ ಸ್ಪಿನ್ 3,200 ದಾಟುತ್ತದೆ. 90 ಮೈಲಿ ವೇಗದವನು 5 ಡಿಗ್ರಿ ಕೆಳಮುಖ ಬಡಿತವನ್ನು 5 ಡಿಗ್ರಿ ಮೇಲ್ಮುಖಕ್ಕೆ ತಿರುಗಿಸಿಕೊಂಡರೆ ಸುಮಾರು 20 ಗಜ ಸಿಗುತ್ತದೆ. ಅಷ್ಟು ಕೊಡುವ ಶಾಫ್ಟ್ ಇನ್ನೂ ಯಾರೂ ತಯಾರಿಸಿಲ್ಲ. ಟೀ ತುಸು ಎತ್ತರಿಸಿ, ಚೆಂಡನ್ನು ಮುಂಗಾಲಿನ ಎದುರಿಗಿಟ್ಟು ಕಲಿಯುವುದು ಪುಕ್ಕಟೆ.

ದೂರವೇ ಎಲ್ಲವೂ ಅಲ್ಲ ಎಂಬುದಕ್ಕೆ ಬೆಂಗಳೂರಿನ ಅದಿತಿ ಅಶೋಕ್ ಸಾಕು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಟೀಯಿಂದ ಅತಿ ಕಡಿಮೆ ದೂರ ಹೊಡೆಯುತ್ತಿದ್ದವರಲ್ಲಿ ಅವರೂ ಒಬ್ಬರು. ಫೇರ್‌ವೇಯಲ್ಲಿ ಚೆಂಡು ಇಟ್ಟು, ಪಟ್ಟರಿನಿಂದ ಹೊಡೆತ ಉಳಿಸುತ್ತ ನಾಲ್ಕನೇ ಸ್ಥಾನಕ್ಕೆ ಬಂದರು. ಪದಕ ತಪ್ಪಿದ್ದು ಒಂದೇ ಹೊಡೆತದಿಂದ.

ಯಂತ್ರದ ಮುಂದೆ, ಬೆಂಗಳೂರಿನ ಗಾಳಿಯಲ್ಲಿ

ಫಿಟ್ಟಿಂಗ್ ಕೋಣೆಗಳು ಈಗ ನಮ್ಮ ನಗರಗಳಲ್ಲೂ ಇವೆ. ಯಂತ್ರ ಸುಳ್ಳು ಹೇಳುವುದಿಲ್ಲ, ಓದುವ ನಾವು ತಪ್ಪುತ್ತೇವೆ. ಹತ್ತು ಹೊಡೆತಗಳಲ್ಲಿ ಅತಿ ದೂರ ಹೋದ ಒಂದನ್ನು ನೋಡಿ ಶಾಫ್ಟ್ ಆರಿಸುವುದು ಮೊದಲ ತಪ್ಪು. ನೋಡಬೇಕಾದದ್ದು ಉಳಿದ ಒಂಬತ್ತು ಎಲ್ಲಿ ಬಿದ್ದವು ಎಂದು. ಹೊಸ ಶಾಫ್ಟ್ ಹಿಡಿದ ಮೊದಲ ಅರ್ಧ ಗಂಟೆ ಕೈ ಹೊಸ ಎಚ್ಚರದಲ್ಲಿರುತ್ತದೆ; ಆಗ ಬರುವ ಒಳ್ಳೆಯ ಹೊಡೆತಗಳು ಹದಿನೈದು ದಿನಕ್ಕೆ ಹಳೆಯ ಚಾಳಿಗೆ ಮರಳುತ್ತವೆ. ಅನೇಕರ ಕಪಾಟಿನಲ್ಲಿ ಶಾಫ್ಟ್‌ಗಳು ಪೇರುವುದು ಹೀಗೆಯೇ. ದಣಿದ ಮೇಲೆ, ಇನ್ನೊಂದು ದಿನ, ಎರಡನೇ ಸಲ ಪರೀಕ್ಷಿಸದೆ ದುಡ್ಡು ಕೊಡಬಾರದು.

ಎರಡನೆಯದು ಚೆಂಡು. ರೇಂಜಿನ ಸವೆದ ಚೆಂಡಿನಲ್ಲಿ ಬಂದ ವೇಗ, ಸ್ಪಿನ್ ಎರಡನ್ನೂ ನಂಬಲಾಗದು. ತಾನು ಆಡುವ ಚೆಂಡನ್ನೇ ಒಯ್ಯಬೇಕು.

ಮೂರನೆಯದು ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್, ಅಂದರೆ ಮೂರು ಸಾವಿರ ಅಡಿ ಮೇಲಿದೆ. ಇಲ್ಲಿನ ತೆಳು ಗಾಳಿಯಲ್ಲಿ ಡ್ರೈವ್ ಶೇಕಡಾ ಮೂರೂವರೆಯಷ್ಟು ಹೆಚ್ಚು ಹೋಗುತ್ತದೆ: ಮಂಗಳೂರಿನ ಪಿಲಿಕುಳದಲ್ಲಿ 230 ಗಜ ಹೊಡೆಯುವವನಿಗೆ ದೊಮ್ಮಲೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ (ಕೆಜಿಎ) ಮೈದಾನದಲ್ಲಿ ಎಂಟು ಗಜ ಬೋನಸ್. ಯಂತ್ರಗಳಲ್ಲಿ ಸಮುದ್ರಮಟ್ಟಕ್ಕೆ ಹೊಂದಿಸಿ ತೋರಿಸುವ ವ್ಯವಸ್ಥೆಯಿದೆ. ಒಂದು ಕೋಣೆಯಲ್ಲಿ ಅದು ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಎಂಟು ಗಜದ ಕೀರ್ತಿ ಹೊಸ ಶಾಫ್ಟಿಗೆ ಸಲ್ಲುತ್ತದೆ. ಮಳೆಗಾಲದಲ್ಲಿ ಚೆಂಡು ಬಿದ್ದಲ್ಲೇ ಕಚ್ಚಿಕೊಳ್ಳುವುದರಿಂದ ಗಾಳಿಯಲ್ಲಿ ಸಾಗುವ ದೂರವೇ ಮುಖ್ಯ. ಬೇಸಿಗೆಯ ಒಣ ನೆಲದಲ್ಲಿ ತಗ್ಗು ಹೊಡೆತವೂ ಉರುಳುತ್ತದೆ. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನಂಥ, ನಗರದ ನಡುವಿನ ಇಕ್ಕಟ್ಟಿನ ಮೈದಾನದಲ್ಲಿ ಆಡುವವನಿಗೆ ನೇರ ಹೋಗುವ 210 ಗಜ ಎಲ್ಲಿ ಹೋಗುತ್ತದೋ ತಿಳಿಯದ 240ಕ್ಕಿಂತ ಬೆಲೆಬಾಳುತ್ತದೆ.

ನಮ್ಮವರಲ್ಲಿ ಬಹಳ ಜನರ ಡ್ರೈವರ್ ಬರುವುದು ಅಮೆರಿಕದಿಂದಲೋ ದುಬೈಯಿಂದಲೋ ಊರಿಗೆ ಬರುವ ಮಗ, ಅಳಿಯ, ಗೆಳೆಯರ ಸೂಟ್‌ಕೇಸಿನಲ್ಲಿ. ಅರವತ್ತು ದಾಟಿದ ಅಪ್ಪನಿಗೆ ಮೂವತ್ತೈದರ ಮಗ ತನ್ನ ಅಳತೆಯಲ್ಲಿ ತಂದ 9 ಡಿಗ್ರಿಯ ಎಸ್ ಶಾಫ್ಟ್! ಹೆಡ್ ಒಳ್ಳೆಯದೇ ಇರುತ್ತದೆ. ಸ್ಲೀವ್ ತಿರುಗಿಸಿ ಲಾಫ್ಟ್ ಏರಿಸಿ, ಅದೇ ಸ್ಲೀವಿಗೆ ಹಗುರ ಶಾಫ್ಟ್ ಕೂರಿಸಿದರೆ ಅದು ಅಪ್ಪನದಾಗುತ್ತದೆ. ಸ್ಲೀವ್‌ಗಳು ಕಂಪನಿಯಿಂದ ಕಂಪನಿಗೆ ಬೇರೆ ಎಂಬುದನ್ನು ನೆನಪಿಡಬೇಕು.

ಆಯ್ಕೆಯ ಕ್ರಮ

ಇಷ್ಟೆಲ್ಲದರಿಂದ ಒಂದು ಕ್ರಮ ಮೂಡುತ್ತದೆ, ಅದು ಅಂಗಡಿಯ ಕ್ರಮಕ್ಕೆ ತಲೆಕೆಳಗು. ಅಂಗಡಿಯಲ್ಲಿ ಮೊದಲು ಬ್ರ್ಯಾಂಡ್, ಆಮೇಲೆ ಅಕ್ಷರ, ಕೊನೆಗೆ ಲಾಫ್ಟ್; ಉದ್ದದ ಮಾತೇ ಇಲ್ಲ. ಆಟಗಾರ ಮೊದಲು ಬಡಿತದ ಜಾಗ ತಿಳಿಯಬೇಕು. ವೈಟ್‌ಬೋರ್ಡ್ ಮಾರ್ಕರಿನಿಂದ ಚೆಂಡಿನ ಮೇಲೊಂದು ಚುಕ್ಕೆ ಇಟ್ಟು ಹೊಡೆದರೆ ಮುಖದ ಮೇಲೆ ಅದರ ಗುರುತು ಬೀಳುತ್ತದೆ. ಗುರುತುಗಳು ಹಿಮ್ಮಡಿಯ ಕಡೆ ಗುಂಪಾಗಿದ್ದರೆ ಬಲಕ್ಕೆ ಹೊರಳುವ ಚೆಂಡಿಗೆ ಕಾರಣ ಅಲ್ಲಿಯೇ ಇದೆ. ಮುಖದ ಕೆಳಭಾಗದಲ್ಲಿದ್ದರೆ ಹೆಚ್ಚಿನ ಸ್ಪಿನ್ನಿಗೂ ಅದೇ ಕಾರಣ. ಆ ಗುಂಪು ಚಿಕ್ಕದಾಗುವ ಉದ್ದ ಯಾವುದೆಂದು ಹುಡುಕಬೇಕು. ಕೈ ಅವಸರಪಡದ, ಹದಿನೆಂಟನೇ ಹೋಲಿನಲ್ಲೂ ದಣಿಸದ ತೂಕ ಅದರ ನಂತರ. ಬಳಿಕ ಲಾಫ್ಟ್ ಮತ್ತು ಹೆಡ್. ಅಕ್ಷರಗಳು ಸೂಚಿಸುವ ಫ್ಲೆಕ್ಸ್, ತಿರುಚು, ಬಾಗುಬಿಂದುಗಳು ಕೊನೆಗೆ. ಅಲ್ಲಿ ಎರಡು ಶಾಫ್ಟ್‌ಗಳು ಯಂತ್ರದಲ್ಲಿ ಸಮ ತೋರಿಸಿದರೆ ಕೈ ಒಪ್ಪಿದ್ದನ್ನು ಆರಿಸಿ, ಅಕ್ಷರ ಯಾವುದೇ ಇರಲಿ.

ಇದರಲ್ಲಿ ಎಂಜಿನಿಯರಿನ ಮಾತೂ ನಿಂತಿತು, ಆಟಗಾರನ ಮಾತೂ ನಿಂತಿತು. ಚೆಂಡಿನ ಹಾರಾಟಕ್ಕೆ ಬೇಕಾದದ್ದನ್ನು ಹೆಡ್, ಲಾಫ್ಟ್, ಉದ್ದಗಳಿಂದ ಪಡೆಯಬೇಕು. ಅದೇ ಬಡಿತವನ್ನು ವಾರದಿಂದ ವಾರಕ್ಕೆ ಮತ್ತೆ ಮಾಡುವ ನೆಮ್ಮದಿಯನ್ನು ಶಾಫ್ಟಿನಿಂದ ಪಡೆಯಬೇಕು. 1963ರ ಪಿಜಿಎ ಚಾಂಪಿಯನ್‌ಶಿಪ್‌ನ ದೂರದ ಸ್ಪರ್ಧೆಯಲ್ಲಿ ಜ್ಯಾಕ್ ನಿಕ್ಲಾಸ್ ಮರದ ಹೆಡ್ಡು, ಉಕ್ಕಿನ ಶಾಫ್ಟ್‌ಗಳಿಂದ 341 ಗಜ ಹೊಡೆದಿದ್ದರು. ಆ ಬಲ ನಮಗಿಲ್ಲ, ಕೊಳ್ಳಲೂ ಸಿಗದು. ಸಿಗುವುದು ನಮ್ಮದೇ ಸ್ವಿಂಗಿಗೆ ಅಡ್ಡ ಬರದ ಒಂದು ಕ್ಲಬ್. ಅಂಥದ್ದು ಸಿಕ್ಕ ಮೇಲೆ ಮುಂದಿನ ಜನವರಿಯ ಜಾಹೀರಾತಿಗೆ ಮೀಸಲಿಟ್ಟ ಹಣದಲ್ಲಿ ಅರ್ಧವನ್ನು ಕೋಚ್‌ಗೆ ಕೊಟ್ಟರೆ ಸ್ಕೋರ್‌ಕಾರ್ಡಿನಲ್ಲಿ ಅದರ ಫಲ ಹೆಚ್ಚು ಬೇಗ ಕಾಣುತ್ತದೆ.